ಟವೆಲಿನ ಕೆಳಗೆ ಒತ್ತಿದ ಕೈ

ನಾಗವೇಣಿ, ಅವತ್ತು ಬೆಟ್ಟದ ಮೇಲೆ ನೀನೂ ಶಂಕರನೂ ಅಡಗಿದ್ದ ಜಾಗವನ್ನು ನಿನ್ನ ಅಣ್ಣನಿಗೆ ತಿಳಿಸಿದವಳು ನಾನು. ಮುನಿಯಮ್ಮತ್ತೆ ಅಲ್ಲ. ಸಂತೆಯಲ್ಲಿ ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ನಾನು — ನಿನ್ನ ಮಗಳಿಗೆ ಯಾರ ಹೆಸರಿಟ್ಟು ಕರೆಯುತ್ತೀಯೋ ಆ ರತ್ನ — ನಾನೇ.

ಇಷ್ಟು ಬರೆಯುವುದಕ್ಕೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬೇಕಾಯಿತು. ಬಾಯಲ್ಲೇ ಹೇಳಿಬಿಡೋಣವೆಂದು ಮಾಲೂರಿನ ನಿನ್ನ ಮನೆಯ ಬಾಗಿಲವರೆಗೆ ಎಷ್ಟೋ ಸಲ ಬಂದಿದ್ದೇನೆ. ಆದರೆ ನನ್ನ ಬಾಯಿ ನಿನಗೆ ಗೊತ್ತು, ವ್ಯಾಪಾರಕ್ಕೆ ಪಳಗಿದ ಬಾಯಿ. ಎದುರಿಗಿರುವವರ ಮುಖ ನೋಡಿಕೊಂಡು ಏರಿಸುತ್ತದೆ, ಇಳಿಸುತ್ತದೆ. ನಿನ್ನ ಕಣ್ಣು ತುಸು ಕೆಂಪಾದರೆ ಸಾಕು, ಅರ್ಧ ತಪ್ಪನ್ನು ಅಲ್ಲೇ ತಕ್ಕಡಿಯಿಂದ ತೆಗೆದು ಪಕ್ಕಕ್ಕಿಟ್ಟುಬಿಡುತ್ತಿದ್ದೆ. ಬರೆಯುವಾಗ ಎದುರಿಗೆ ಮುಖವಿಲ್ಲ. ಆದರೂ ಹೆದರಿಕೆಯಾಗುತ್ತಿದೆ. ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ. ಮುನಿಯಮ್ಮತ್ತೆಯ ಮೇಲೆ ಅಪವಾದ ಬಂದದ್ದೂ ನಾಲ್ಕು ಜನರ ನಡುವೆಯೇ ತಾನೆ. ಓದುವವರಿಗೆ ನಾವು ಯಾರೆಂದು ಗೊತ್ತಿಲ್ಲ. ಹಾಗಾಗಿ, ನಿನಗೆ ಗೊತ್ತಿರುವುದನ್ನೂ ಒಂದಿಷ್ಟು ಹೇಳಬೇಕಾಗುತ್ತದೆ, ಸಹಿಸಿಕೋ.

ನೀನೂ ನಾನೂ ಯಲ್ದೂರಿನವರು, ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಿಮ್ಮ ಮನೆಗೆ ಮಾವಿನ ತೋಪುಗಳಿದ್ದವು. ನಮ್ಮ ಮನೆಗೆ ಅಪ್ಪನೇ ಇರಲಿಲ್ಲ. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಇಟ್ಟುಕೊಂಡು ಹಣ್ಣು ಮಾರಲು ಶುರು ಮಾಡಿದ ನಾನು, ಇಪ್ಪತ್ತೈದು ತುಂಬುವಷ್ಟರಲ್ಲಿ ಮಾವಿನ ಮಂಡಿಯಲ್ಲಿ ತಗಡಿನ ಶೆಡ್ಡು ಹಾಕಿ ರೈತರಿಂದ ಹಣ್ಣು ಕೊಳ್ಳುವವಳಾಗಿದ್ದೆ. ಹೇಗೆ ಬೆಳೆದೆ ಅಂತ ಈಗಲೂ ಹುಡುಗಿಯರು ಬಂದು ಕೇಳುತ್ತಾರೆ. ಕಾಯಿ ನೋಡುವ ಮುಂಚೆ ಮಾರುವವನ ಕಾಲು ನೋಡಿ ಅನ್ನುತ್ತೇನೆ. ಆತುರದಲ್ಲಿರುವವನು ಒಂದು ಕಡೆ ನಿಲ್ಲುವುದಿಲ್ಲ.

ನಮ್ಮ ಮಂಡಿಯಲ್ಲಿ ದೊಡ್ಡ ವ್ಯಾಪಾರ ಬಾಯಲ್ಲಿ ನಡೆಯುತ್ತಿರಲಿಲ್ಲ. ಮಾರುವವನೂ ಕೊಳ್ಳುವವನೂ ಕೈ ಕೈ ಹಿಡಿದು ಮೇಲೊಂದು ಟವೆಲ್ ಹಾಕಿಕೊಳ್ಳುತ್ತಿದ್ದರು. ಎಷ್ಟು ಬೆರಳು ಹಿಡಿದರೆ ಅಷ್ಟು ರೇಟು. ಅಂಗೈ ಒತ್ತಿದರೆ ಒಪ್ಪಿಗೆ. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಆ ಬಟ್ಟೆಯಡಿ ಆದದ್ದನ್ನು ಯಾರೂ ಹೊರಗೆ ಹೇಳುವಂತಿಲ್ಲ, ಆಮೇಲೆ ಜಗಳವಾದರೂ ಸರಿ. ಗಂಡಸರ ಮಂಡಿ ಅದು. ನನ್ನ ಕೈಗೆ ಯಾರೂ ಟವೆಲ್ ಹಾಕುತ್ತಿರಲಿಲ್ಲ. ಬಾಯಲ್ಲಿ ರೇಟು ಕೂಗಿ, ಎಲ್ಲರೂ ಕೇಳಿಸಿಕೊಂಡು, ನನಗೆ ನಷ್ಟ.

ಮೊದಲು ಹಾಕಿದವನು ನಿನ್ನ ಅಣ್ಣ ಗೋಪಾಲ. ತೋತಾಪುರಿ ತುಂಬಿಕೊಂಡು ಬಂದಿದ್ದ. ಹೆಗಲ ಮೇಲಿನ ಟವೆಲ್ ತೆಗೆದು ಕೈ ಚಾಚಿದ.

"ಏನ್ಲಾ ಗೋಪಾಲ, ಹೆಣ್ಮಗಳ ಕೈಗೆ ಟವೆಲ್ ಹಾಕ್ತಾ ಇದೀಯ, ತಾಳಿ ಎಲ್ಲೋ?" ಅಂತ ಪಕ್ಕದ ಶೆಡ್ಡಿನವನು ಕೂಗಿದ.

"ಮೊದ್ಲು ರೇಟು ಕುದುರ್ಲಿ ತಡಿಯೋ," ಅಂದ ಗೋಪಾಲ. ಇಡೀ ಮಂಡಿ ನಕ್ಕಿತು. ನನಗೆ ಬಟ್ಟೆಯ ಕೆಳಗೆ ಕೈ ಬೆವರಿತು.

ನಾಗೂ, ಇದು ನಿನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಅವತ್ತಿನಿಂದ ಎರಡು ಸುಗ್ಗಿ — ರೇಟು ಮುಗಿದ ಮೇಲೂ ಅವನ ಕೈ ಒಂದು ಗಳಿಗೆ ಅಲ್ಲೇ ಇರುತ್ತಿತ್ತು. ನಾನೂ ಬಿಡಿಸಿಕೊಳ್ಳುತ್ತಿರಲಿಲ್ಲ. ಹಾಡುಹಗಲು, ನೂರಾರು ಜನರ ನಡುವೆ, ಎಲ್ಲರೂ ನೋಡುತ್ತಿರುವಾಗ ನಾವು ಕೈ ಹಿಡಿದುಕೊಂಡು ನಿಲ್ಲುತ್ತಿದ್ದೆವು. ಅದಕ್ಕಿಂತ ಹೆಚ್ಚೇನೂ ನಡೆಯಲಿಲ್ಲ. ಒಂದು ಮಾತೂ ಇಲ್ಲ. ಆದರೆ ಬೇರೆ ಯಾರ ಹತ್ತಿರವೂ ಸೋಲದ ನಾನು ಅವನ ಹತ್ತಿರ ಸೋಲುತ್ತಿದ್ದೆ, ಬೇಕೆಂದೇ.

ಆ ಹೊತ್ತಿಗೇ ನೀನು ಬಂದು ಶಂಕರನ ವಿಷಯ ಹೇಳಿದ್ದು. ನನ್ನ ಶೆಡ್ಡಿನಲ್ಲೇ ಹುಲ್ಲು ಹಾಸಿ ಹಣ್ಣು ಜೋಡಿಸುತ್ತಿದ್ದ ಶಂಕರ. ಅವರ ಜನ ಬೇರೆ, ನಿಮ್ಮ ಜನ ಬೇರೆ. ನಿಮ್ಮ ಮನೆಯಲ್ಲಿ ಒಪ್ಪುವ ಮಾತೇ ಇರಲಿಲ್ಲ. ಉಪಾಯ ಹೇಳಿದ್ದೂ ನಾನೇ. ಕೋಲಾರದ ಅಂತರಗಂಗೆ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಶಂಕರನ ಸೋದರತ್ತೆ ಮುನಿಯಮ್ಮ ಕುರಿ ಸಾಕಿಕೊಂಡಿದ್ದಾರೆ, ಅವರ ಕುರಿದೊಡ್ಡಿಯ ಹಿಂದಿನ ಬಂಡೆಗವಿಯಲ್ಲಿ ಕೆಲವು ದಿನ ಇರಿ, ಹುಡುಕಾಟ ತಣ್ಣಗಾದ ಮೇಲೆ ರಿಜಿಸ್ಟರ್ ಮದುವೆ ಮಾಡಿಸೋಣ — ಹೀಗೆ. ನನ್ನ ಲೋಡಿನ ಲಾರಿಯಲ್ಲೇ ನಿಮ್ಮನ್ನು ಕೋಲಾರಕ್ಕೆ ಕಳಿಸಿದೆ. ಹೊರಡುವಾಗ ನೀನು ನನ್ನ ಕೈ ತೆಗೆದು ನಿನ್ನ ನೆತ್ತಿಯ ಮೇಲಿಟ್ಟುಕೊಂಡೆ.

"ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ನನ್ ತಲೆ ಮುಟ್ಟಿ ಹೇಳು ಕಣೇ."

"ಬಾಯಿ ಬಿಡಲ್ಲ ಕಣೇ," ಅಂದೆ.

ಇವತ್ತಿನ ಹುಡುಗಿಯರಿಗೆ ಒಂದು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ. ನಿಮ್ಮ ಗುಟ್ಟನ್ನು ಒಬ್ಬರ ಕೈಗೆ ಕೊಡುವ ಮುಂಚೆ, ಅವರಿಗೆ ಯಾರ ಮೇಲೆ ಆಸೆಯಿದೆ ಅಂತ ವಿಚಾರಿಸಿಕೊಳ್ಳಿ. ಅವರು ಒಳ್ಳೆಯವರೋ ಕೆಟ್ಟವರೋ ಅನ್ನುವುದು ಆಮೇಲಿನ ಮಾತು.

ನೀವು ಹೋದ ಮೂರನೆಯ ದಿನ ಗೋಪಾಲ ಮಂಡಿಗೆ ಬಂದ. ಹಣ್ಣು ತಂದಿರಲಿಲ್ಲ. ಗಡ್ಡ ಬೆಳೆದಿತ್ತು. ನೇರ ನನ್ನ ಶೆಡ್ಡಿಗೆ ಬಂದು ಟವೆಲ್ ತೆಗೆದ. ಜನ ಎಂದಿನಂತೆ ಓಡಾಡುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ಬಟ್ಟೆಯ ಕೆಳಗೆ ಕೈ ಹಿಡಿದ. ಬಿಸಿಯಾಗಿತ್ತು ಕೈ, ಜ್ವರ ಬಂದವನ ಹಾಗೆ.

"ಅವ್ವ ಊಟ ಬಿಟ್ಟವ್ಳೆ ರತ್ನಾ," ಅಂದ, ತುಟಿ ಅಲ್ಲಾಡಿಸದೆ. "ಅವಳನ್ನ ಕರ್ಕೊಂಡು ಬಂದು ಆ ಹುಡುಗನ ಜತೇನೇ ಮದುವೆ ಮಾಡಿಸ್ತೀನಿ. ಅದಾದ್ರೆ… ನಮ್ಮಿಬ್ಬರದನ್ನೂ ಮನೇಲಿ ಎತ್ಬೋದು."

ನಮ್ಮಿಬ್ಬರದು. ಅವನು ಆ ಮಾತನ್ನು ಆಡಿದ್ದು ಅದೇ ಮೊದಲು.

"ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಆಣೆ ಇಟ್ಟಿದೀನಿ," ಅಂದೆ. ಅಂದ ಕೂಡಲೇ ಗೊತ್ತಾಯಿತು, ನನಗೆ ಜಾಗ ಗೊತ್ತು ಅನ್ನುವುದನ್ನು ಕೊಟ್ಟುಬಿಟ್ಟೆ ಅಂತ. ಅಂಥ ದಡ್ಡತನ ನಾನು ವ್ಯಾಪಾರದಲ್ಲಿ ಎಂದೂ ಮಾಡಿದವಳಲ್ಲ.

"ಬಿಡ್ಬೇಡ. ನಾನು ಹೆಸರು ಹೇಳ್ತಾ ಹೋಗ್ತೀನಿ. ನೀನು ಕೈ ಒತ್ತು ಸಾಕು. ಬಟ್ಟೆ ಕೆಳಗೆ ಆಗಿದ್ದು ಹೊರಗೆ ಹೋಗಲ್ಲ, ಗೊತ್ತಲ್ಲ."

ಆವನಿ ಬೆಟ್ಟ ಅಂದ. ನನ್ನ ಕೈ ಸುಮ್ಮನಿತ್ತು. ಕುರುಡುಮಲೆ ಅಂದ. ಸುಮ್ಮನಿತ್ತು. ಅಂತರಗಂಗೆ ಅಂದ —

ನಾನು ಒತ್ತಿದೆ. ಆಮೇಲೆ ಅವನು "ಶಂಕರನ ಅತ್ತೆ ಮನೆ ಹತ್ರಾನಾ?" ಅಂದ. ಆಗಲೂ ಒತ್ತಿದೆ. ಎರಡು ಸಲ. ಒಂದು ಸಲ ಕೈ ತಪ್ಪಿತು ಅನ್ನಬಹುದಿತ್ತು. ಎರಡನೆಯದಕ್ಕೆ ಅದೂ ಇಲ್ಲ.

ಬಾಯಿ ಬಿಡಲಿಲ್ಲವಲ್ಲ, ಆಣೆ ಮುರಿಯಲಿಲ್ಲವಲ್ಲ ಅಂತ ಆ ಗಳಿಗೆಯಲ್ಲಿ ನಾನು ನಿಜವಾಗಿ ನಂಬಿದೆ. ಮಂಡಿಯ ಹೊರಗಿನವರಿಗೆ ಇದು ನಗು ಬರಿಸಬಹುದು. ನಮಗೆ ಹಾಗಲ್ಲ. ಕೈ ಮಾಡಿದ್ದನ್ನು ಬಾಯಿ ಒಪ್ಪಿಕೊಳ್ಳಬೇಕಾಗಿಲ್ಲ ಅನ್ನುವುದರ ಮೇಲೆಯೇ ನಮ್ಮ ವ್ಯಾಪಾರವೆಲ್ಲ ನಿಂತಿತ್ತು. ಆ ಲೆಕ್ಕವನ್ನೇ ನಾನು ನಿನ್ನ ಜೀವಕ್ಕೂ ಹಾಕಿದೆ.

ಅವನು ಕೈ ಬಿಟ್ಟ. ಅವತ್ತು ಒಂದು ಗಳಿಗೆಯೂ ಹೆಚ್ಚಿಗೆ ಹಿಡಿಯಲಿಲ್ಲ. ಟವೆಲನ್ನು ನನ್ನ ಕೈಯಲ್ಲೇ ಮರೆತು ಹೊರಗೆ ನಡೆದ. ಗೇಟಿನ ಹತ್ತಿರ ಎಳನೀರಿನವನ ಗಾಡಿಯ ಮುಂದೆ ನಿಂತ. ಕಾಯಿಗಳ ಮೇಲಿದ್ದ ಮಚ್ಚನ್ನು ಎತ್ತಿಕೊಂಡು, ಅಂಗಿಯ ಹಿಂದೆ ಸಿಕ್ಕಿಸಿಕೊಂಡು, ಬೈಕು ಹತ್ತಿದ.

"ಏ ಗೋಪಾಲಣ್ಣ, ನನ್ ಮಚ್ಚು! ನಾನು ಹಲ್ಲಲ್ಲಿ ಕಾಯಿ ಕೆತ್ಲಾ?"

"ಸಾಯಂಕಾಲ ತಂದ್ಕೊಡ್ತೀನಿ ಬಿಡೋ."

ಸುತ್ತ ನಿಂತವರು ನಕ್ಕರು. ಆ ಮಚ್ಚು ಯಾರಿಗೆ ಅಂತ ನನಗೊಬ್ಬಳಿಗೇ ಗೊತ್ತಿತ್ತು. ಕೂಗಬಹುದಿತ್ತು. ಹಿಡಿಯಿರಿ ಅನ್ನಬಹುದಿತ್ತು. ಕೂಗಿದ್ದರೆ ಏಕೆ ಅಂತ ಕೇಳುತ್ತಿದ್ದರು. ಅದಕ್ಕೇ ಕೂಗಲಿಲ್ಲ.

ಕೋಲಾರದ ಕಡೆ ಹೊರಟಿದ್ದ ಹಣ್ಣಿನ ಟೆಂಪೋ ಹತ್ತಿದೆ. ಅವನು ಯಲ್ದೂರಿನಲ್ಲಿ ಮನೆಗೆ ಹೋಗಿ ಹೊರಡುತ್ತಾನೆ, ಅಷ್ಟರಲ್ಲಿ ನಾನು ಮುಂದಾಗಬೇಕು ಅನ್ನುವ ಲೆಕ್ಕ. ದಾರಿಯುದ್ದಕ್ಕೂ ಹಿಂದಿನಿಂದ ಬೈಕಿನ ಸದ್ದು ಬಂದಾಗಲೆಲ್ಲ ತಲೆ ತಗ್ಗಿಸಿ ಕೂತೆ. ಯಲ್ದೂರು ದಾಟುವಾಗ ನಿಮ್ಮ ಮನೆಯ ಮುಂದೆ ಅವನ ಬೈಕು ನಿಂತಿದ್ದು ಕಂಡಿತು. ದೇವರೇ, ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಅಂದುಕೊಂಡೆ.

ಅಂತರಗಂಗೆಯ ಮೆಟ್ಟಿಲು ಹತ್ತುವಾಗ ಮಧ್ಯಾಹ್ನವೇ ಕತ್ತಲಾಗುತ್ತಿತ್ತು. ಬೇಸಿಗೆಯ ಕೊನೆಯ ಮೋಡ. ಬೆಟ್ಟದ ತಲೆ ಕಾಣುತ್ತಿರಲಿಲ್ಲ. ಕೋತಿಗಳೂ ಎಲ್ಲೋ ಸೇರಿಕೊಂಡಿದ್ದವು. ದೇವಸ್ಥಾನದ ಕೊಳ ದಾಟಿದ ಮೇಲೆ ಕಾಲುದಾರಿ ಬಂಡೆಗಳ ನಡುವೆ ಹೋಗುತ್ತದೆ, ಒಂದೊಂದು ಮನೆಯಷ್ಟು ದೊಡ್ಡವು, ಈಗಲೋ ಆಗಲೋ ಉರುಳುವ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ನನ್ನ ಉಸಿರೇ ಬಂಡೆಗೆ ತಾಗಿ ಹಿಂದಕ್ಕೆ ಬರುತ್ತಿತ್ತು. ಯಾರೋ ಹಿಂದೆ ಬರುತ್ತಿದ್ದಾರೆ ಅಂತ ನಿಲ್ಲುತ್ತಿದ್ದೆ. ನಿಂತರೆ ಸದ್ದಿಲ್ಲ. ನಡೆದರೆ ಸದ್ದು.

ದೊಡ್ಡಿಯಲ್ಲಿ ಮುನಿಯಮ್ಮತ್ತೆ ಇರಲಿಲ್ಲ, ಕುರಿ ಹೊಡೆದುಕೊಂಡು ಹೋಗಿದ್ದರು. ನಾನೇ ಗವಿಯೊಳಗೆ ತೆವಳಿದೆ. ಬಾವಲಿಯ ವಾಸನೆ, ಒಳಗೆ ಒಲೆಯ ಬೂದಿ. ನೀನು ನನ್ನನ್ನು ನೋಡಿ ನಕ್ಕೆ. "ಬಂದ್ಯೇನೇ, ಮಾವಿನಹಣ್ಣು ತಂದ್ಯಾ?" ಅಂದೆ. ಆ ನಗು, ನಾಗೂ…

ನಾನು ಬಾಯಿ ತೆರೆಯುವ ಮುಂಚೆ ಹೊರಗಿನಿಂದ ಅವನ ದನಿ ಬಂತು. ಹಿಂದಿನ ಕಡೆಯ ಗಾಡಿರಸ್ತೆಯಲ್ಲಿ ಹಳ್ಳಿಯವರೆಗೆ ಬೈಕಿನಲ್ಲೇ ಬಂದಿದ್ದ. ಆ ದಾರಿ ನನ್ನ ಲೆಕ್ಕದಲ್ಲಿರಲಿಲ್ಲ.

"ನಾಗೂ… ಅವ್ವ ಊಟ ಬಿಟ್ಟವ್ಳೆ ಕಣಮ್ಮಾ. ಬಾ, ನಾನೇನೂ ಅನ್ನಲ್ಲ."

ಎಷ್ಟು ಮೆತ್ತಗಿತ್ತು ದನಿ! ಬೇಕಾದದ್ದು ಸಿಗುವವರೆಗೆ ಅವನು ದನಿ ಏರಿಸುವವನಲ್ಲ ಅಂತ ಅವನೊಂದಿಗೆ ವ್ಯಾಪಾರ ಮಾಡಿದ ನನಗೆ ಗೊತ್ತಿತ್ತು. ನೀನು ತಂಗಿ, ಎದ್ದೇಬಿಟ್ಟೆ. "ಅಣ್ಣ ಅಳ್ತಾ ಅವನೆ ಕಣೇ," ಅಂತ ಬೆಳಕಿನ ಕಡೆ ಹೊರಟೆ. ನಾನು ನಿನ್ನ ಜಡೆ ಹಿಡಿದು ಎಳೆದೆ.

"ಹೋಗ್ಬೇಡ್ವೇ! ಮಚ್ಚು ತಂದವನೆ!"

ಮಚ್ಚಿನ ವಿಷಯ ನನಗೆ ಹೇಗೆ ಗೊತ್ತು ಅಂತ ನೀವಿಬ್ಬರೂ ಕೇಳಲಿಲ್ಲ. ಕೇಳುವ ಹೊತ್ತಲ್ಲ ಅದು. ಶಂಕರ ನಿನ್ನನ್ನು ಹಿಂದಿನ ಸೀಳಿನ ಕಡೆ ತಳ್ಳಿಕೊಂಡು ಹೋದ. ನಾನು ಗವಿಯ ಬಾಯಿಗೆ ಅಡ್ಡ ನಿಂತೆ. ಆ ನಿಂತದ್ದನ್ನೇ ನೀನು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ: ರತ್ನ ಮಚ್ಚಿಗೆ ಎದುರು ನಿಂತಳು, ನಮ್ಮ ಜೀವ ಉಳಿಸಿದಳು.

ನಿಂತಾಗ ಆದದ್ದನ್ನು ಈಗ ಹೇಳುತ್ತೇನೆ. ಗೋಪಾಲ ನನ್ನನ್ನು ಕಂಡು ಬೆಚ್ಚಿದ. "ನೀನಾ?" ಅಂದ. ಆಮೇಲೆ, "ನೀನೇ ತಾನೆ ತೋರ್ಸಿದ್ದು? ಈಗ ಯಾಕೆ ಅಡ್ಡ ಬಂದೆ?"

ನನಗೆ ಮಚ್ಚಿನ ಭಯ ಹೋಯಿತು. ಆ ಮಾತು ಒಳಗೆ ನಿನಗೆ ಕೇಳಿಸಿತೇನೋ ಅನ್ನುವ ಭಯ ಬಂತು. ಎರಡು ಕೈಯಲ್ಲೂ ಅವನ ಬಾಯಿ ಮುಚ್ಚಲು ಹೋದೆ. "ಮೆಲ್ಲಗೆ ಮಾತಾಡೋ, ನಿನ್ ಕಾಲಿಗೆ ಬೀಳ್ತೀನಿ, ಮೆಲ್ಲಗೆ," ಅಂದೆ. ನಿನ್ನನ್ನು ಬಿಡು ಅಂತ ಬೇಡಲಿಲ್ಲ ನಾಗೂ. ಮೆಲ್ಲಗೆ ಮಾತಾಡು ಅಂತ ಬೇಡಿದೆ.

ಅಷ್ಟರಲ್ಲಿ ಮಳೆ ಹೊಡೆಯಿತು. ಮೇಲಿನಿಂದ ಶಂಕರನ ಕೂಗು. ನಿನ್ನನ್ನು ಬಂಡೆ ಹತ್ತಿಸಿ, ತಾನು ಹತ್ತುವಾಗ ಜಾರಿ ಸಂದಿಗೆ ಬಿದ್ದಿದ್ದ. ಅಂಥ ಕೂಗನ್ನು ನಾನು ಮತ್ತೆ ಕೇಳಿಲ್ಲ. ನೀನೂ ಕಿರುಚಿಕೊಂಡೆ. ಮುನಿಯಮ್ಮತ್ತೆ ನಾಯಿಯೊಂದಿಗೆ, ಹಳ್ಳಿಯ ಗಂಡಸರನ್ನು ಕೂಗಿಕೊಂಡು ಓಡಿ ಬಂದರು. ಗೋಪಾಲನ ಮುಖ ಸುಣ್ಣದ ಹಾಗಾಗಿತ್ತು. ಮಚ್ಚನ್ನು ಕೆಳಗೆ ಹಾಕಿ, ಮಳೆಯಲ್ಲಿ ಹಿಂದಕ್ಕೆ ಹಿಂದಕ್ಕೆ ನಡೆದು, ಹೋಗಿಬಿಟ್ಟ.

ಕೋಲಾರದ ಆಸ್ಪತ್ರೆಯಲ್ಲಿ ಶಂಕರನ ತೊಡೆಯ ಮೂಳೆಗೆ ರಾಡು ಹಾಕುತ್ತಿದ್ದಾಗ ಹೊರಗಿನ ಬೆಂಚಿನ ಮೇಲೆ ನೀನು ನನ್ನ ಭುಜಕ್ಕೆ ಒರಗಿ ಕೂತಿದ್ದೆ.

"ಅಣ್ಣಂಗೆ ಹೆಂಗೆ ಗೊತ್ತಾಯ್ತೇ ರತ್ನಾ?"

ಇಲ್ಲಿಯೂ ಬಾಗಿಲು ತೆರೆದಿತ್ತು. ಅವತ್ತೇ ಹೇಳಿದ್ದರೆ ನೀನು ನನ್ನ ಮುಖಕ್ಕೆ ಉಗಿದು, ಅಲ್ಲಿಗೇ ಮುಗಿಯುತ್ತಿತ್ತು. ನಾನು ಅಂದದ್ದು ಇಷ್ಟು: "ಆ ಅತ್ತೆ ಮೊನ್ನೆ ಸಂತೆಗೆ ಇಳಿದಿದ್ರಲ್ಲಾ…"

ಅಷ್ಟೇ. ವಾಕ್ಯ ಮುಗಿಸಲಿಲ್ಲ. ನಿಮ್ಮಿಬ್ಬರಿಗೆ ಅಡುಗೆ ಮಾಡಲು ಅಕ್ಕಿ, ಉಪ್ಪು ತರಲು ಮುನಿಯಮ್ಮತ್ತೆ ಸಂತೆಗೆ ಇಳಿದಿದ್ದರು ಅನ್ನುವುದು ನಿಜವೇ. ಉಳಿದದ್ದನ್ನು ನೀನೇ ತುಂಬಿಕೊಂಡೆ. ನೀನು ಶಂಕರನಿಗೆ ಹೇಳಿದೆ. ಮಾರನೆಯ ದಿನ ಆ ತಾಯಿ ಬೆಟ್ಟ ಇಳಿದು, ಮುದ್ದೆ, ಉಪ್ಪುಸಾರು ಹಿಡಿದು ವಾರ್ಡಿಗೆ ಬಂದಾಗ ಶಂಕರ ಗೋಡೆಯ ಕಡೆ ತಿರುಗಿ ಮಲಗಿದ. "ಏಮಾಯ್ತೋ ಅಬ್ಬಯ್ಯಾ, ಏನಾಯ್ತೋ ಮಗನೇ?" ಅಂತ ಅವರು ಕೇಳುತ್ತಲೇ ಇದ್ದರು. ನೀನು ಪಾತ್ರೆಯನ್ನು ಅವರ ಕೈಗೆ ವಾಪಸು ಇಟ್ಟೆ. ನಾನು ಕಿಟಕಿಯ ಹತ್ತಿರ ನಿಂತು ನೋಡಿದೆ.

ಇಷ್ಟೇ ನನ್ನ ತಪ್ಪು ಅಂದರೆ ಸುಳ್ಳಾಗುತ್ತದೆ. ಅದಕ್ಕೆ ಇಪ್ಪತ್ತು ವರ್ಷದ ಬಡ್ಡಿಯಿದೆ. ಪ್ರತಿ ಯುಗಾದಿಗೆ ನೀನು ಕೊಟ್ಟ ಸೀರೆಯನ್ನು ನಾನು ಉಟ್ಟುಕೊಂಡೆ. ನಿನ್ನ ಮಗಳನ್ನು ನನ್ನ ಹೆಸರಿನಿಂದ ಕರೆದಾಗ ತೊಟ್ಟಿಲ ಪಕ್ಕದಲ್ಲಿ ನಿಂತು ನಕ್ಕೆ. ಶಂಕರ ಕುಂಟಿಕೊಂಡು ಬಂದು "ರತ್ನಕ್ಕಾ, ಮೊದ್ಲು ನೀವು ಕೂತ್ಕೊಳಿ," ಅಂದಾಗ ಕೂತೆ. ಮಾಲೂರಿನಲ್ಲಿ ಗುಲಾಬಿ ತೋಟ ಹಾಕುವಾಗ ಯಾವ ಸಸಿ, ಯಾವ ಮಾರುಕಟ್ಟೆ ಅಂತ ನಿಮಗೆ ಬುದ್ಧಿ ಹೇಳಿದೆ. ನೀವಿಬ್ಬರೂ ದೂರ ಮಾಡಿದ ಅತ್ತೆಯ ಸುದ್ದಿ ಬಂದಾಗ ಮಾತ್ರ ಬುದ್ಧಿ ಹೇಳಲಿಲ್ಲ.

ಗೋಪಾಲ ವೇಮಗಲ್ ಕಡೆ ಕಾರ್ಖಾನೆಗೆ ಸೇರಿದ, ಅಲ್ಲೇ ಮದುವೆಯಾದ. ಬಟ್ಟೆಯ ಕೆಳಗೆ ಆದದ್ದನ್ನು ಇವತ್ತಿನವರೆಗೂ ಹೊರಗೆ ಹೇಳಿಲ್ಲ. ಹೇಳುವುದೂ ಇಲ್ಲ. ಸಿಕ್ಕಿಬೀಳುತ್ತೇನೆ ಅಂತ ಇದನ್ನು ಬರೆಯುತ್ತಿಲ್ಲ ಅನ್ನುವುದಕ್ಕಷ್ಟೇ ಇದನ್ನು ಹೇಳಿದೆ. ನಾನು ಮದುವೆಯಾಗಲಿಲ್ಲ. ಅದನ್ನು ಶಿಕ್ಷೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯಬೇಡಿ. ಅಂಗಡಿ ಬೆಳೆಯಿತು, ಪುರುಸೊತ್ತಾಗಲಿಲ್ಲ, ಅಷ್ಟೇ.

ಹಾಗಾದರೆ ಈಗೇಕೆ?

ಹೋದ ವಾರ ಬೆಟ್ಟಕ್ಕೆ ಹೋಗಿದ್ದೆ. ವರ್ಷಕ್ಕೊಂದು ಬುಟ್ಟಿ ಬಾದಾಮಿ ಮಾವಿನಹಣ್ಣು ಮುನಿಯಮ್ಮತ್ತೆಯ ಮನೆಗೆ ಕಳಿಸುವುದುಂಟು. ಏಕೆ ಕಳಿಸುತ್ತೇನೆ ಅಂತ ಅವರೂ ಕೇಳಿಲ್ಲ. ಈ ಸಲ ಹುಷಾರಿಲ್ಲ ಅಂತ ಕೇಳಿ ನಾನೇ ಹೋದೆ. ಹಾಸಿಗೆ ಹಿಡಿದಿದ್ದಾರೆ ನಾಗೂ. ಮೈಯಲ್ಲಿ ಏನೂ ಉಳಿದಿಲ್ಲ. ಕುರಿಗಳೂ ಇಲ್ಲ, ಪಕ್ಕದ ಮನೆಯವರು ಗಂಜಿ ಕೊಡುತ್ತಾರೆ. ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳಿ, ಬಿಸಿನೀರು ಕುಡೀರಿ ಅಂತ ನಾನು ಎಂದಿನಂತೆ ಶುರು ಮಾಡಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

"ಏಮ್ಮಾ ರತ್ನಾ, ನಾನೇ ಅಂದ್ಬಿಟ್ನೇನೋ ಕಣಮ್ಮಾ."

"ಏನು ಅತ್ತೆ?"

"ಸಂತೇಲಿ ಉಪ್ಪು ಕೊಳ್ಳೋವಾಗ ಯಾರ್ಗಾನ ಹೇಳಿರ್ಬೇಕು. ಮನೇಗೆ ಸೊಸೆ ಬಂದವ್ಳೆ ಅಂತ ಸಂತೋಸ ಆಗಿತ್ತಲ್ಲಾ. ಆ ಸಂತೋಸದಾಗೆ ಬಾಯಿ ಜಾರಿರ್ತದೆ. ಮೊದ್ಲು ಇಲ್ಲ ಇಲ್ಲ ಅಂತಿದ್ದೆ. ಈಗ ನಂಗೇ ಜ್ಞಾಪಕ ಬರ್ತಾ ಇಲ್ಲ. ಅವ್ನ ಕಾಲು ನಾನೇ ಮುರ್ದೆ."

ಅವರು ಮಾಡದ್ದನ್ನು ಅವರೇ ನಂಬಿದ್ದಾರೆ ನಾಗೂ. ನನ್ನ ಅರ್ಧ ವಾಕ್ಯವನ್ನು ಇಷ್ಟು ವರ್ಷ ಹೊತ್ತು ಹೊತ್ತು, ಅದು ತಮ್ಮದೇ ಅಂದುಕೊಂಡಿದ್ದಾರೆ.

"ಇಲ್ಲ ಅತ್ತೆ, ನೀವು ಹೇಳಿಲ್ಲ," ಅಂದೆ. ಹೇಗೋ ಬಂತು ಬಾಯಿಗೆ.

ಅವರು ತಲೆ ಎತ್ತಲು ನೋಡಿದರು. ಕಣ್ಣಿಗೆ ಪೊರೆ ಬಂದಿದೆ, ಆದರೂ ನನ್ನ ಮುಖವನ್ನೇ ಹುಡುಕಿದರು.

"ನಿಂಗೆಂಗೆ ಗೊತ್ತು?"

ಅಂಥ ಹೆದರಿಕೆ ನನಗೆ ಆ ಗವಿಯ ಬಾಯಲ್ಲೂ ಆಗಿರಲಿಲ್ಲ. ಹಾಸಿಗೆ ಹಿಡಿದ ಮುದುಕಿಯ ಎರಡು ಪದಕ್ಕೆ ಎದ್ದು, ಬಸ್ಸಿಗೆ ಹೊತ್ತಾಯಿತು ಅಂತ ಸುಳ್ಳು ಹೇಳಿ, ಬಂಡೆಗಳ ನಡುವೆ ಎಡವಿಕೊಂಡು ಇಳಿದು ಬಂದೆ.

ಇನ್ನು ಹೆದರಿ ಆಗುವುದೇನೂ ಇಲ್ಲ. ನಾಳೆ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋಗುತ್ತೇನೆ. ಅವರ ಪಕ್ಕದಲ್ಲಿ ಕೂತು, ಆ ಪ್ರಶ್ನೆಗೆ ಉತ್ತರ ಕೊಡುತ್ತೇನೆ, ಈ ಸಲ ವಾಕ್ಯ ಮುಗಿಸಿ. ಅವರು ಏನನ್ನುತ್ತಾರೋ ಅನ್ನಲಿ. ಏನೂ ಅನ್ನದಿದ್ದರೆ ಅದನ್ನೂ ಕೂತು ಕೇಳುತ್ತೇನೆ.

ನಿನ್ನನ್ನು ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅದೂ ಒಂದು ಚೌಕಾಸಿಯಾಗುತ್ತದೆ, ನೀನು ಒಳ್ಳೆಯವಳು, ಎಲ್ಲೋ ಒಂದು ಕಡೆ ಇಳಿದುಬಿಡುತ್ತೀಯ. ಇಳಿಯಬೇಡ. ಮಗಳಿಗೆ ಬೇರೆ ಹೆಸರಿಟ್ಟು ಕರೆಯಬೇಕೆನಿಸಿದರೆ ಕರೆ. ಯುಗಾದಿಗೆ ನಾನು ಬರುವುದಿಲ್ಲ. ಶಂಕರನಿಗೆ ಇದನ್ನೆಲ್ಲ ನೀನೇ ಓದಿ ಹೇಳು, ಎರಡು ಸಲ ಒತ್ತಿದೆ ಅನ್ನುವುದನ್ನು ಬಿಡದೆ ಹೇಳು.

ಅವನನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗು. ಭಾನುವಾರದವರೆಗೆ ಕಾಯಬೇಡ, ಹೂವಿನ ಲೋಡು ಇದ್ದರೂ ಬಿಟ್ಟು ಹೋಗು. ಅಂತರಗಂಗೆಯ ಮೆಟ್ಟಿಲು ಅವನ ಕಾಲಿಗೆ ಆಗುವುದಿಲ್ಲ. ಹಿಂದಿನ ಕಡೆಯ ರಸ್ತೆಗೆ ಈಗ ಟಾರು ಹಾಕಿದ್ದಾರೆ, ಕೋಲಾರದಲ್ಲಿ ಆಟೋ ಮಾಡಿಸಿಕೊಂಡರೆ ಅತ್ತೆಯ ಬಾಗಿಲವರೆಗೂ ಹೋಗುತ್ತದೆ. ಅವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಒಳಗೆ ಹೋದ ಕೂಡಲೇ ಶಂಕರ ತನ್ನ ಹೆಸರು ಹೇಳಲಿ.